ಹೆಲೆನ್ ಮನೆಯ ಒರತೆ

ಹೋದ ಶನಿವಾರ ನೀವಿಬ್ಬರೂ ನಿಮ್ಮಮ್ಮನೂ ನನ್ನನ್ನು ಪಿಜ್ಜಾ ತಿನ್ನಲು ಕರೆದುಕೊಂಡು ಹೋದಿರಲ್ಲ, ಆ ಅಂಗಡಿಯ ಬಾಗಿಲ ಪಕ್ಕ ಒಲೆಗೆ ಹಾಕುವ ಕಲ್ಲಿದ್ದಲಿನ ಚೀಲಗಳನ್ನು ಒಟ್ಟಿದ್ದರು. ಒಂದು ಚೀಲ ಹರಿದು ಕರಿಯ ತುಣುಕುಗಳು ನೆಲಕ್ಕೆ ಚೆಲ್ಲಿ ಮಳೆಯಲ್ಲಿ ನೆಂದಿದ್ದವು. ನೆಂದ ಕಲ್ಲಿದ್ದಲಿಗೆ ಒಂದು ವಾಸನೆ ಇದೆ. ಕಬ್ಬಿಣದ ಬಾಣಲೆಯನ್ನು ತೊಳೆದು ಒರೆಸದೆ ಬಿಟ್ಟರೆ ಬರುತ್ತದಲ್ಲ, ಸುಮಾರು ಹಾಗೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ತೇಜು, ನೀನು "ಅಜ್ಜಿ, ಆರ್ ಯು ಓಕೆ?" ಎಂದು ಕೇಳಿದೆ. ಓಕೆ ಅಂದೆ. ಒಳಗೆ ಕೂತ ಮೇಲೆ ನಿಮ್ಮಮ್ಮನ ಮುಖ ನೋಡಿದೆ. ಅವಳೂ ಆ ಚೀಲಗಳನ್ನು ನೋಡಿದ್ದಳು. ಆದರೆ ಇಬ್ಬರೂ ಆ ಮಾತು ತೆಗೆಯಲಿಲ್ಲ. ನೀವು ಯಾವ ಪಿಜ್ಜಾ ಎಂದು ಜಗಳವಾಡುತ್ತಿದ್ದಿರಿ.

ಮನೆಗೆ ಬಂದಾಗಿನಿಂದ ಬರೆಯಬೇಕು ಅನ್ನಿಸುತ್ತಿದೆ. ಬಾಯಿಂದ ಹೇಳೋಣವೆಂದರೆ ನನಗೆ ಮಾತು ಕೂಡಿ ಬರುವುದಿಲ್ಲ, ನಿಮಗೂ ನನ್ನ ಮಾತು ಅರ್ಧ ತಿಳಿಯುತ್ತದೆ. ಸಂಡೂರಿನ ಪಕ್ಕದ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ನನ್ನದು. ಅದರಲ್ಲೇ ಬರೆಯುತ್ತೇನೆ. ನಿಮ್ಮಪ್ಪ ಓದಿ ಇಂಗ್ಲಿಷಿನಲ್ಲಿ ಹೇಳಲಿ. ತನ್ನ ಮಾತು ಬರುವ ಕಡೆ ಅವನು ಹಾರಿಸಿಕೊಂಡು ಓದಬಾರದು.

ಇದು ನಡೆದ ವರ್ಷ ನಾವು ಪಾರ್ಸಿಪನಿ ಎಂಬ ಊರಿನಲ್ಲಿದ್ದೆವು. ನಿಮ್ಮಜ್ಜ ತೀರಿಕೊಂಡ ಮರುವರ್ಷ ಅದು. ಇಂಚರಾ ಮೂರನೆಯ ಕ್ಲಾಸು, ತೇಜು ಆಗಷ್ಟೇ ಶಾಲೆ ಸೇರಿದ್ದ. ನಿಮ್ಮಮ್ಮ, ನನ್ನ ಮಗಳು ಸುಮಾ, ಅಲ್ಲಿಯ ಒಂದು ಆಫೀಸಿನಲ್ಲಿದ್ದಳು. ಗಣಿ, ಕ್ವಾರಿ, ಮುಚ್ಚಿದ ಫ್ಯಾಕ್ಟರಿ ಇಂಥ ಜಾಗಗಳ ಸುತ್ತ ನೆಲದ ಮೇಲೆ, ನೆಲದೊಳಗೆ ನೀರು ಹೇಗೆ ಹರಿಯುತ್ತದೆ ಎಂದು ನೋಡಿ ವರದಿ ಬರೆಯುವುದು ಅವಳ ಕೆಲಸ. ನಾವೆಲ್ಲರೂ ಆ ಕೆಲಸಕ್ಕೆ ಜೋತುಬಿದ್ದಿದ್ದೆವು. ಅವಳ ವೀಸಾ ಆ ಆಫೀಸಿನದು, ನಿಮ್ಮಪ್ಪ ಗಿರೀಶನ ವೀಸಾ ಅವಳದಕ್ಕೆ ಕಟ್ಟಿದ್ದು. ಅವನಿಗೆ ಆಗ ಇಲ್ಲಿ ಕೆಲಸ ಮಾಡುವ ಅಪ್ಪಣೆ ಇರಲಿಲ್ಲ. ಅಡುಗೆ ಮಾಡುತ್ತಿದ್ದ, ನಿಮ್ಮನ್ನು ಬಸ್ಸಿಗೆ ಬಿಡುತ್ತಿದ್ದ, "ನಾ ಈ ಮನೀ ಹೋಂ ಮಿನಿಸ್ಟರ್ ನೋಡ್ರಿ ಅತ್ತಿ" ಎಂದು ನಗುತ್ತಿದ್ದ.

ಬೇಸಿಗೆಯ ಕೊನೆಯಲ್ಲಿ ಅವಳಿಗೆ ಒಂದು ಕಲ್ಲಿದ್ದಲ ಗಣಿಯ ಕೆಲಸ ಬಂತು. ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೊರಟು ಡೆಲವೇರ್ ನದಿ ದಾಟಿ, ಪೆನ್ಸಿಲ್ವೇನಿಯಾದ ಗುಡ್ಡಗಳೊಳಗೆ ಹೋದರೆ ಸಿಗುವ ಸಣ್ಣ ಗಣಿ. ಇಂಥ ಗಣಿಗೆ ಸರ್ಕಾರ ಕೊಡುವ ಪರವಾನಗಿ ಕೆಲವು ವರ್ಷ ಮಾತ್ರ ನಡೆಯುತ್ತದೆ. ಆಮೇಲೆ ನವೀಕರಿಸಬೇಕು. ಅದರ ಅರ್ಜಿಯಲ್ಲಿ ಒಂದು ಅಧ್ಯಾಯವನ್ನು ನಿಮ್ಮಮ್ಮ ಬರೆದು ಸಹಿ ಮಾಡಬೇಕಿತ್ತು. ಗಣಿಯ ಸುತ್ತ ಯಾವ ಹಳ್ಳ ಇದೆ, ಎಲ್ಲಿ ಬಾವಿ, ಎಲ್ಲಿ ಒರತೆ, ಯಾರ ಮನೆ, ಎಂಥ ಕಾಡು, ಎಲ್ಲ ಅದರಲ್ಲಿ ಬರಬೇಕು. ಎನ್ವಿರಾನ್‌ಮೆಂಟಲ್ ಸೆಟ್ಟಿಂಗ್ ಎನ್ನುತ್ತಾರಂತೆ.

"ಹಂಗಂದ್ರೇನವ್ವಾ?" ಎಂದು ನಾನು ಕೇಳಿದೆ.

"ಗಣಿಯ ನೆರೆಹೊರೆ ಅನ್ನು," ಎಂದಳು ಸುಮಾ. "ಯಾರ್ಯಾರ ಪಕ್ಕದಾಗ ಕುಂತೈತಿ ಅನ್ನೂದನ್ನ ಗಣಿ ಒಪ್ಕೋಬೇಕು. ಒಪ್ಕೊಂಡ್ರ ಅವರನ್ನ ಕಾಯೂ ಜವಾಬ್ದಾರಿನೂ ಬಂತು."

"ಒಪ್ಕೊಳ್ಳದಿದ್ರ?"

"ಕಾಗದದಾಗ ಇಲ್ಲದ್ದು ಕೆಟ್ರ ಕೇಳವ್ರು ಯಾರು?"

ನನಗೆ ಗಣಿ ಹೊಸದಲ್ಲ. ನಿಮ್ಮಜ್ಜ ಸಂಡೂರು ಗುಡ್ಡದಲ್ಲಿ ಅದಿರು ಸಾಗಿಸುವ ಲಾರಿಗಳ ರಿಪೇರಿ ಮಾಡುತ್ತಿದ್ದರು. ಒಗೆದ ಬಟ್ಟೆಯೂ ಕೆಂಪು, ಬೇಲಿಯ ಎಲೆಯೂ ಕೆಂಪು. ಆ ಧೂಳಿಗೆ ನಾನು ದಿನಾ ಬೈಯುತ್ತಿದ್ದೆ. ಒಂದು ವರ್ಷ ಗಣಿಗಳೆಲ್ಲ ಒಮ್ಮೆಗೇ ನಿಂತವು. ಬಟ್ಟೆ ಬೆಳ್ಳಗಾಯಿತು. ನಿಮ್ಮಜ್ಜ ಕೆಲಸದ ಅಂಗಿ ಹಾಕಿಕೊಂಡು, ಬುತ್ತಿ ಕಟ್ಟಿಸಿಕೊಂಡು, ಕಟ್ಟೆಯ ಮೇಲೆ ಕೂತು ಮಧ್ಯಾಹ್ನ ಅಲ್ಲೇ ಅದನ್ನು ಬಿಚ್ಚಿ ಉಣ್ಣುತ್ತಿದ್ದರು. ಆದ್ದರಿಂದ ಗಣಿ ಅಂದರೆ ಕೆಟ್ಟದ್ದು, ನಿಲ್ಲಿಸಿದರೆ ಒಳ್ಳೆಯದು ಎಂದು ಯಾರಾದರೂ ಸುಲಭವಾಗಿ ಹೇಳಿದರೆ ನಾನು ಸುಮ್ಮನಾಗುತ್ತೇನೆ.

ಅಕ್ಟೋಬರ್ ತಿಂಗಳಲ್ಲಿ ನಾನೂ ಅಲ್ಲಿಗೆ ಹೋದೆ. ಸುಮಾಳ ಜೊತೆ ನೀರಿನ ಸ್ಯಾಂಪಲ್ ತೆಗೆಯಲು ಬರುತ್ತಿದ್ದವನು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ಗುಡ್ಡದ ದಾರಿಯಲ್ಲಿ ಒಬ್ಬಳೇ ಡ್ರೈವ್ ಮಾಡಬೇಕಲ್ಲ ಎಂದು ನನ್ನನ್ನು ಕರೆದಳು. "ನೀ ಕಾರಿನಾಗ ಕುಂದ್ರು ಸಾಕು, ಹೀಟರ್ ಹಚ್ಚಿರ್ತೀನಿ."

ಗಣಿಯ ಗೇಟಿನಲ್ಲಿ ರೇ ಎಂಬುವನು ಸಿಕ್ಕ. ಅಲ್ಲಿಯ ಮ್ಯಾನೇಜರ್. ದೊಡ್ಡ ಆಳು, ಉಗುರಿನ ಸಂದಿಯಲ್ಲೆಲ್ಲ ಕರಿ. ಕಾರಿನೊಳಗೆ ನನ್ನನ್ನು ನೋಡಿ ಟೋಪಿ ತೆಗೆದ. ಸುಮಾಳಿಗೆ ಏನೋ ಹೇಳಿ ನಕ್ಕ. ಈ ಸಲ ನೀನು ನಿನ್ನ ಬಾಸನ್ನೇ ಕರೆತಂದಿದ್ದೀಯ ಅಂದನಂತೆ. ಮುಂದೆ ಹೋದ ಮೇಲೆ ಸುಮಾ ಅಂದಳು, "ಒಳ್ಳೇ ಮನುಷ್ಯ ಅವ್ವಾ. ಬರೇ ಅವಸರ. ಚಳಿಗಾಲಕ್ಕ ಮುಂಚೆ ಪರವಾನಗಿ ಕೈಗೆ ಬರದಿದ್ರ ಹೊಸ ಜಾಗ ಅಗಿಯೂದು ಸುರು ಮಾಡಂಗಿಲ್ಲ, ಹುಡುಗರನ್ನ ಮನೀಗೆ ಕಳಸಬೇಕಾಕ್ಕೈತಿ ಅಂತಾನ."

ಗುಡ್ಡದ ಇಳುಕಲಿನಲ್ಲಿ ಒಂದು ಮರದ ಮನೆ. ಅದರ ಕೆಳಗೆ ಹಳ್ಳ. ಹಳ್ಳದ ಕಲ್ಲುಗಳೆಲ್ಲ ಕಿತ್ತಳೆ ಬಣ್ಣ, ಯಾರೋ ಅರಿಸಿನದಲ್ಲಿ ಸುಣ್ಣ ಕಲಸಿ ಬಳಿದ ಹಾಗೆ. ಸುಮಾ ರಬ್ಬರ್ ಬೂಟು ಹಾಕಿಕೊಂಡು ಬಾಟಲಿಗಳ ಪೆಟ್ಟಿಗೆ ಹಿಡಿದು ಇಳಿದಳು. ನಾನು ಕಾರಿನಲ್ಲಿ ಶಾಲು ಹೊದ್ದು ಕೂತೆ. ಸ್ವಲ್ಪ ಹೊತ್ತಿಗೆ ಯಾರೋ ಗಾಜು ತಟ್ಟಿದರು. ನನ್ನದೇ ವಯಸ್ಸಿನ ಹೆಂಗಸು, ತಲೆಗೆ ಉಣ್ಣೆಯ ಟೋಪಿ. "ಕೋಲ್ಡ್! ಕಮ್, ಕಮ್," ಎನ್ನುತ್ತ ಬಾಗಿಲನ್ನೇ ತೆಗೆದಳು. ನಾನು ಬೇಡವೆಂದು ಕೈಯಾಡಿಸಿದೆ. ಅವಳು ಆ ಕೈಯನ್ನೇ ಹಿಡಿದು ಎಬ್ಬಿಸಿಕೊಂಡು ಹೋದಳು.

ಹೆಲೆನ್ ಎಂದು ಅವಳ ಹೆಸರು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ನನಗೆ ಅವಳ ಇಂಗ್ಲಿಷು ತಿಳಿಯದು, ಅವಳಿಗೆ ನನ್ನ ಕನ್ನಡ ತಿಳಿಯದು. ಗೋಡೆಯ ಮೇಲಿನ ಫೋಟೋ ತೋರಿಸಿ "ಹಸ್ಬೆಂಡ್" ಅಂದಳು, ಕೈಯನ್ನು ಮೇಲಕ್ಕೆ ಮಾಡಿದಳು. ನಾನು ನನ್ನ ಬರಿಗೊರಳು ಮುಟ್ಟಿ ತೋರಿಸಿ ಕೈ ಮೇಲೆ ಮಾಡಿದೆ. ಅವಳ ಗಂಡ ಅದೇ ಗಣಿಯಲ್ಲಿ ದುಡಿದವನು ಎಂದು ಆಮೇಲೆ ಸುಮಾ ಹೇಳಿದಳು. ಮೈದಾ ಹಿಟ್ಟಿನೊಳಗೆ ಆಲೂಗಡ್ಡೆ ತುಂಬಿ, ಅಂಚು ಒತ್ತಿ, ಬೇಯಿಸಿ ಬೆಣ್ಣೆಯಲ್ಲಿ ಹುರಿದ ತಿಂಡಿ ಮಾಡಿಟ್ಟಿದ್ದಳು. ಪಿರೋಗಿ ಅಂತೆ. ನೋಡಿದರೆ ಥೇಟ್ ನಮ್ಮ ಕರ್ಚಿಕಾಯಿ! ಅಂಚಿಗೆ ಕಟ್ಟಿದ ಮಡಿಕೆಯೂ ಅದೇ. ನಾನು ಮುಟ್ಟಿ ಮುಟ್ಟಿ ನೋಡುವುದನ್ನು ಕಂಡು ಅವಳು ಖುಷಿಯಾಗಿ ಒಂದು ಡಬ್ಬಿ ತುಂಬಾ ಹಾಕಿ ಕೈಗಿಟ್ಟಳು.

ಅಷ್ಟರಲ್ಲಿ ಸುಮಾ ಒಳಗೆ ಬಂದಳು. ಅವಳ ಕಣ್ಣು ಡಬ್ಬಿಯ ಮೇಲಿರಲಿಲ್ಲ, ಸಿಂಕಿನ ಮೇಲಿತ್ತು. ಬಿಳಿಯ ಸಿಂಕಿನ ತಳದಲ್ಲಿ ಅದೇ ಕಿತ್ತಳೆ ಕಲೆ.

"ಈ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿದಳು.

"ಹಿಂದಿನ ಒರತೆಯಿಂದ, ಪೈಪು ಹಾಕಿದೆ," ಎಂದಳು ಹೆಲೆನ್. "ಇದನ್ನೇ ಕುಡಿಯೋದು. ಮಳೆ ಜೋರಾದಾಗ ಕಲೆ ಬೀಳುತ್ತೆ. ರುಚಿ ಮೊದಲಿನ ಹಾಗಿಲ್ಲ."

ಸುಮಾ ಬಾಟಲಿಗಳ ಪೆಟ್ಟಿಗೆ ಎತ್ತಿಕೊಂಡಳು. ಹೋಗಿ ಆ ಒರತೆಯ ನೀರನ್ನೂ ಬಾಟಲಿಗಳಲ್ಲಿ ಹಿಡಿದಳು. ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು: ಹಳೆಯ ಅರ್ಜಿಯಲ್ಲಿ ಆ ಮನೆಯನ್ನು ಪಾಳು ಮನೆ, ಒರತೆಯನ್ನು ಬಳಕೆಯಲ್ಲಿಲ್ಲದ ಒರತೆ ಎಂದು ಬರೆದಿದ್ದರು. ಬಹಳ ಹಿಂದೆ, ಹೆಲೆನ್‌ಳ ಅತ್ತೆ ಸತ್ತು ಮನೆ ಖಾಲಿಯಿದ್ದಾಗ ಅದು ನಿಜವೇ ಆಗಿತ್ತು. ಆಮೇಲೆ ಗಂಡ ಹೆಂಡತಿ ಬಂದು ಸೇರಿದರು. ಆದರೆ ಪ್ರತಿ ನವೀಕರಣಕ್ಕೂ ಹಳೆಯ ಅಧ್ಯಾಯವನ್ನೇ ಎತ್ತಿ ಹಾಕುತ್ತ ಬಂದಿದ್ದರಿಂದ ಕಾಗದದಲ್ಲಿ ಆ ಮನೆ ಪಾಳಾಗಿಯೇ ಉಳಿದಿತ್ತು.

ನೀರಿನ ಪರೀಕ್ಷೆಯ ಫಲಿತಾಂಶ ಬಂದಾಗ ಸುಮಾ ಲ್ಯಾಪ್‌ಟಾಪಿನ ಮುಂದೆ ಬಹಳ ಹೊತ್ತು ಕೂತಿದ್ದಳು. "ಹುಳಿ ಏರೈತಿ, ಕಬ್ಬಿಣ ಬರಾಕ ಹತ್ತೇತಿ," ಎಂದಳು.

"ರೇಯ ಗಣಿಯಿಂದನಾ?" ಎಂದು ಗಿರೀಶ ಕೇಳಿದ.

"ಗೊತ್ತಿಲ್ಲ. ಆ ಗುಡ್ಡದಾಗ ನೂರು ವರ್ಷದ ಹಳೇ ಸುರಂಗ ಅದಾವು. ಅವುಗಳಿಂದನೂ ಇರಬಹುದು. ಗೊತ್ತಾಗಬೇಕಂದ್ರ ಎಲ್ಲಾ ಋತುವಿನ್ಯಾಗೂ ನೋಡಬೇಕು. ನೋಡಬೇಕಂದ್ರ ಮೊದ್ಲು ಇಂಥಾದ್ದೊಂದು ಒರತಿ ಐತಿ, ಕುಡಿಯಾಕತ್ತಾರ ಅಂತ ಬರೀಬೇಕು."

ಬರೆದಳು. ಕರಡನ್ನು ಗಣಿಯವರಿಗೆ ಕಳಿಸಿದರು. ರೇ ಫೋನ್ ಮಾಡಿ ಕೂಗಾಡಿದನಂತೆ. ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು, ಈಗ ಇದನ್ನು ಸೇರಿಸಿದರೆ ಪರವಾನಗಿ ಕೊಡುವ ಸರ್ಕಾರಿ ಕಚೇರಿಯವರು ಬೇಸಿಗೆಯವರೆಗೆ ಎಳೆಯುತ್ತಾರೆ ಎಂದು. ಸುಮಾಳ ಬಾಸ್ ಡಗ್ ಎಂಬುವನು ನೋಡೋಣ ಅಂದಿದ್ದ. ಅಲ್ಲಿಯತನಕ ಅದು ಬರೀ ಆಫೀಸಿನ ತಲೆನೋವು.

ದೀಪಾವಳಿ ಬಂತು. ನಾನು ಕರ್ಚಿಕಾಯಿ, ಚಕ್ಲಿ, ಶೇಂಗಾ ಉಂಡಿ ಮಾಡಿದ್ದೆ. ಹಬ್ಬ ಮುಗಿದ ವಾರ ಸುಮಾ ಎರಡನೆಯ ಸಲ ಸ್ಯಾಂಪಲ್ಲಿಗೆ ಹೊರಟಳು. ಹೆಲೆನ್‌ಳ ಡಬ್ಬಿ ತೊಳೆದು ಕಟ್ಟೆಯ ಮೇಲೆ ಇಟ್ಟಿದ್ದೆ. ಸುಮಾ ಅದನ್ನು ಕೈಗೆತ್ತಿಕೊಂಡಳು, ಬಾಗಿಲತನಕ ಹೋದಳು, ತಿರುಗಿ ಬಂದಳು.

"ಖಾಲಿ ಡಬ್ಬಿ ಹೆಂಗ ಕೊಡ್ಲೆವ್ವಾ?" ಎಂದು ತಾನೇ ಡಬ್ಬಿಯಲ್ಲಿ ಕರ್ಚಿಕಾಯಿ ಜೋಡಿಸಿದಳು.

ನಮ್ಮ ಮನೆಯಲ್ಲಿ ಯಾರೂ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಿದವರಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ಅವಳಿಗೆ ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಇದರಿಂದ ತೊಂದರೆಯಾದೀತೆಂದು ನನಗೂ ಹೊಳೆಯಲಿಲ್ಲ, ಪಕ್ಕದಲ್ಲಿ ಟೀ ಸೋಸುತ್ತಿದ್ದ ನಿಮ್ಮಪ್ಪನಿಗೂ ಹೊಳೆಯಲಿಲ್ಲ. "ಶೇಂಗಾ ಉಂಡಿನೂ ಎರಡು ಹಾಕು," ಅಂದವನೇ ಅವನು.

ಹೆಲೆನ್‌ಗೆ ಎಷ್ಟು ಖುಷಿಯಾಯಿತೆಂದರೆ ಡಬ್ಬಿಯ ಫೋಟೋ ತೆಗೆದು, ಆ ಊರಿನವರೆಲ್ಲ ಫೋನಿನಲ್ಲಿ ನೋಡುವ ಪುಟದಲ್ಲಿ ಹಾಕಿಬಿಟ್ಟಳು. ನನ್ನ ಒರತೆಯ ಪರವಾಗಿರುವ ಜಿಯಾಲಜಿಸ್ಟ್ ಮನೆಯಿಂದ ಬಂದ ಇಂಡಿಯನ್ ಪಿರೋಗಿ ಎಂದು ಬರೆದು, ಪಕ್ಕದಲ್ಲಿ ಹೃದಯದ ಗುರುತು.

ಆ ದಿನ ಸುಮಾ ಆಫೀಸಿನಿಂದ ಬೇಗ ಬಂದಳು. ಕೋಟು ಬಿಚ್ಚದೆ ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಕೂತಳು. ಗಿರೀಶ ರೊಟ್ಟಿ ಬಡಿಯುತ್ತಿದ್ದ.

"ಏನಾತು?"

"ಕರ್ಚಿಕಾಯಿ ಆತು."

ಅವಳು ಹೇಳುತ್ತ ಹೋದಳು. ಗಣಿಯವರ ವಕೀಲ ಆ ಫೋಟೋವನ್ನು ಡಗ್‌ಗೆ ಕಳಿಸಿದ್ದ. ವರದಿ ಬರೆಯುವವಳು ತಕರಾರು ಇರುವವರ ಮನೆಯಲ್ಲಿ ಉಂಡು, ಉಡುಗೊರೆ ಕೊಟ್ಟು ತಂದು ಮಾಡಿದರೆ ಆ ವರದಿಗೆ ಏನು ಬೆಲೆ ಎಂದು ಕೇಳಿದ್ದ. ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಅಂತೆ. ಆಫೀಸಿನ ನಿಯಮದಲ್ಲೂ ಅದು ತಪ್ಪೇ.

"ಅತ್ತಿ, ನಿಮ್ಮ ಕರ್ಚಿಕಾಯಿ ವಕೀಲರ ಮಟಾ ಹೋತು ನೋಡ್ರಿ," ಎಂದ ಗಿರೀಶ.

"ನಗಬ್ಯಾಡ್ರಿ," ಎಂದಳು ಸುಮಾ. ಅವನು ನಗುತ್ತಿರಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸುಡುತ್ತಿತ್ತು, ನಾನು ಎದ್ದು ತಿರುವಿ ಹಾಕಿದೆ.

ಡಗ್ ಒಂದು ದಾರಿ ಹೇಳಿದ್ದ. ಕೆಟ್ಟವನಲ್ಲ ಅವನು, ಅವಳನ್ನು ಉಳಿಸಿಕೊಳ್ಳಲೆಂದೇ ಹೇಳಿದ್ದ. ಒರತೆಯ ಸ್ಯಾಂಪಲ್ಲುಗಳನ್ನು ವಾಪಸು ತೆಗೆದುಕೊಳ್ಳುವುದು. ಅವು ಇಲ್ಲವೆಂದ ಮೇಲೆ ಆ ಜಾಗದಲ್ಲಿ ಹಳೆಯ ಅರ್ಜಿಯ ಸಾಲೇ ನಿಲ್ಲುತ್ತದೆ, ಒರತೆ ಬಳಕೆಯಲ್ಲಿಲ್ಲ ಎಂದು. ಅಧ್ಯಾಯದ ಕೊನೆಗೆ ಸುಮಾ ಸಹಿ ಹಾಕಿದರೆ ಫೋಟೋದ ವಿಷಯ ಯಾರೂ ಎತ್ತುವುದಿಲ್ಲ. ಗಣಿಗೆ ಪರವಾನಗಿ, ನಮಗೆ ನೌಕರಿ.

"ಸಹಿ ಮಾಡು," ಎಂದ ಗಿರೀಶ.

"ಬಳಕೆಯಲ್ಲಿಲ್ಲ ಅಂತನಾ? ಆಕಿ ಸಿಂಕಿನ ಮುಂದ ನಿಂತು ನಾನೇ ನೋಡೇನಿ."

"ಪೆನ್ಸಿಲ್ವೇನಿಯಾದ ಎಲ್ಲಾರ ಪೈಪೂ ನಿನ್ನ ತಲೀ ಮ್ಯಾಲೆ ಬಿದ್ದೈತೇನು? ನೌಕರಿ ಹೋದ್ರ ಎರಡು ತಿಂಗಳ ಟೈಮ್. ಅಷ್ಟ್ರೊಳಗ ಬ್ಯಾರೆ ಕೆಲಸ ಸಿಗದಿದ್ರ ಗಂಟು ಮೂಟೆ ಕಟ್ಟಬೇಕು. ಮಕ್ಕಳಿಗೆ ಏನಂತ ಹೇಳ್ತಿ?"

ಇದನ್ನು ಓದುವಾಗ ನಿಮ್ಮಪ್ಪನ ದನಿ ಇಳಿಯಬಹುದು, ಇಳಿಯಲಿ. ಅವನು ಹೇಳಿದ್ದು ನಿಮಗಾಗಿ. ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಒಂದು ಕಡೆ ಹೆಲೆನ್‌ಳ ಸಿಂಕು ಕಣ್ಣಿಗೆ ಬರುತ್ತಿತ್ತು. ಇನ್ನೊಂದು ಕಡೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತ ನಿಮ್ಮಜ್ಜ, ಅವರ ಪಕ್ಕದಲ್ಲಿ ರೇಯ ಹುಡುಗರು. ಎರಡೂ ನಿಜವಾಗಿರುವಾಗ ಯಾವುದನ್ನು ಬಿಟ್ಟು ಮಾತಾಡುವುದು? ಯಾರೂ ನನ್ನನ್ನು ಕೇಳಲಿಲ್ಲ.

ಸುಮಾ ಸಹಿ ಮಾಡಲಿಲ್ಲ. ಡಗ್ ಆ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟ. ಅಧ್ಯಾಯ ಹಳೆಯ ಸಾಲಿನೊಂದಿಗೇ ಹೋಯಿತು. ಅವಳಿಗೆ ಯಾವ ಕೆಲಸವನ್ನೂ ಕೊಡದೆ ಆಫೀಸಿನಲ್ಲಿ ಕೂರಿಸಿದರು. ಬೆಳಿಗ್ಗೆ ಹೋಗುವಳು, ಸಂಜೆ ಬರುವಳು, ನಿಮ್ಮ ಹೋಂವರ್ಕ್ ನೋಡುವಳು. ಫೋನು ಸದ್ದು ಮಾಡಿದರೆ ಮೂವರೂ ಒಟ್ಟಿಗೆ ತಿರುಗಿ ನೋಡುತ್ತಿದ್ದೆವು. ಇಂಚರಾ, ಆಗ ನೀನು "ವೈ ಈಸ್ ಎವ್ರಿಬಡಿ ಸೋ ಕ್ವಾಯಟ್?" ಎಂದು ಕೇಳಿದ್ದೆ. ನಾವು ಚಳಿಯ ಮೇಲೆ ಹಾಕಿದೆವು.

ಹೆಲೆನ್ ಸುಮ್ಮನಿರಲಿಲ್ಲ. ತನ್ನ ಫೋಟೋದಿಂದ ಹೀಗಾಯಿತೆಂದು ತಿಳಿದಾಗ ಫೋನಿನಲ್ಲಿ ಅತ್ತಳಂತೆ. ಆಮೇಲೆ ಕಚೇರಿಗೆ ಬರೆದು, ನವೀಕರಣದ ಬಗ್ಗೆ ಊರಿನಲ್ಲಿ ಅಹವಾಲು ಸಭೆ ನಡೆಸಬೇಕೆಂದು ಕೇಳಿದಳು. ಡಿಸೆಂಬರಿನಲ್ಲಿ ಅಲ್ಲಿಯ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಸಭೆ ಇಟ್ಟರು.

ಅಲ್ಲಿಗೆ ಹೋಗಬಾರದೆಂದು ಡಗ್ ಬಾಯಿಬಿಟ್ಟು ಹೇಳಲಿಲ್ಲ. "ನಿನ್ನ ಜಾಗದಲ್ಲಿ ನಾನಿದ್ದರೆ ಮನೆಯಲ್ಲಿರುತ್ತಿದ್ದೆ," ಅಂದಿದ್ದನಂತೆ. ಸುಮಾ ಆ ದಿನ ರಜೆ ಹಾಕಿದಳು. ಬೆಳಗಿನಿಂದ ಹೆಪ್ಪುಗಟ್ಟುವ ಮಳೆ ಬೀಳುತ್ತಿತ್ತು. ಬಿದ್ದ ಹನಿ ಬಿದ್ದಲ್ಲೇ ಗಾಜಾಗುವಂಥದ್ದು. ಗಿರೀಶ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಇಂಥಾ ಹವಾದಾಗ ಹೋಗೂದು ಬ್ಯಾಡ."

"ಮಾತಾಡಿದ್ರ ನೌಕರಿ ಹೋಕ್ಕೈತಿ ಅಂತ ಹೇಳ್ರಿ, ಹವಾದ ಮ್ಯಾಲೆ ಹಾಕಬ್ಯಾಡ್ರಿ."

 ಅವನು ತಾನೇ ಇಳಿದು ಹೋಗಿ ಕಾರಿನ ಗಾಜಿನ ಮಂಜುಗಡ್ಡೆ ಕೆರೆದು, ಎಂಜಿನ್ ಚಾಲೂ ಮಾಡಿ ಬಂದ. "ಅತ್ತಿ, ನೀವೂ ಹೋಗ್ರಿ. ಜೋರಾಗಿ ಓಡಿಸಿದ್ರ ಬೈರಿ," ಎಂದ.

ನದಿಯ ಸೇತುವೆ ದಾಟುವಾಗ ಮುಂದಿನ ಟ್ರಕ್ಕಿನ ಹಿಂಬದಿ ಹಾವಿನಂತೆ ಆಡಿತು. ಸುಮಾ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಕಚ್ಚಿಕೊಂಡಿದ್ದಳು. 

ಹಾಲಿನಲ್ಲಿ ಕಬ್ಬಿಣದ ಮಡಚು ಕುರ್ಚಿಗಳು. ಒಂದು ಬದಿಯಲ್ಲಿ ಗಣಿಯ ಹುಡುಗರು ಕೆಲಸದ ಜಾಕೆಟ್ಟಿನಲ್ಲೇ ಬಂದು ಕೂತಿದ್ದರು, ಕೆಲವರ ಹೆಂಡತಿಯರು ಕೂಸುಗಳನ್ನು ಎತ್ತಿಕೊಂಡಿದ್ದರು. ಇನ್ನೊಂದು ಬದಿಯಲ್ಲಿ ಹೆಲೆನ್ ಮತ್ತು ಮೂರು ನಾಲ್ಕು ನೆರೆಯವರು. ಮುಂದಿನ ಮೇಜಿನಲ್ಲಿ ಸರ್ಕಾರದ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ, ಕನ್ನಡಕದ ಹೆಂಗಸು. ಗಣಿಯ ವಕೀಲನ ಪಕ್ಕ ಡಗ್. ಅವನು ಸುಮಾಳನ್ನು ನೋಡಿ ಕಣ್ಣು ಕೆಳಗೆ ಹಾಕಿದ. ನಾವು ನಡುವೆ ಎಲ್ಲಿ ಕೂರಬೇಕೆಂದು ತಿಳಿಯದೆ ಹಿಂದಿನ ಸಾಲಿನಲ್ಲಿ ಕೂತೆವು.

ರೇ ಮೊದಲು ಮಾತಾಡಿದ. ಮಾತು ಪೂರ್ತಿ ತಿಳಿಯದಿದ್ದರೂ ಅವನು ಹಿಂದೆ ತಿರುಗಿ ತನ್ನ ಹುಡುಗರ ಕಡೆ ಕೈ ತೋರಿಸಿದಾಗ ನಾನೂ ಆ ಮುಖಗಳನ್ನು ಒಂದೊಂದಾಗಿ ನೋಡಿದೆ. ಹೆಲೆನ್ ಮಾತಾಡಿದಳು, ನನ್ನ ಮನೆ ಪಾಳಲ್ಲ, ನಾನಿನ್ನೂ ಸತ್ತಿಲ್ಲ ಎಂದು. ಕೆಲವರು ನಕ್ಕರು. ವಕೀಲ ಎದ್ದು ಒರತೆಯ ಪರೀಕ್ಷೆ ನಂಬಿಕೆಗೆ ಯೋಗ್ಯವಲ್ಲ, ಅದಕ್ಕೇ ಕೈಬಿಡಲಾಗಿದೆ ಎಂದು ಹೇಳಿ ಕೂತ.

ಆಗ ಸುಮಾ ಎದ್ದಳು. ನನ್ನ ಮೊಣಕೈಗೆ ಅವಳ ಕೋಟು ತಾಗಿತು. ಅವಳು ಅಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಮೇಲೆ ನನಗೆ ಒಂದೊಂದೇ ಮಾತಾಗಿ ಬಿಡಿಸಿ ಹೇಳಿದ್ದಾಳೆ, ಅದನ್ನೇ ಬರೆಯುತ್ತೇನೆ.

"ನಾನು ಸುಮಾ. ಈ ಅಧ್ಯಾಯವನ್ನು ಮೊದಲು ಬರೆದವಳು. ಹೆಲೆನ್ ಮನೆಯ ಪಿರೋಗಿ ತಿಂದಿದ್ದೇನೆ. ಅವರ ಡಬ್ಬಿಯನ್ನು ಖಾಲಿ ಕೊಡಬಾರದೆಂದು ನಮ್ಮ ಹಬ್ಬದ ಸಿಹಿ ತುಂಬಿ ಕೊಟ್ಟಿದ್ದೇನೆ. ಮಾಡಬಾರದಿತ್ತು. ಮೊದಲೇ ಆಫೀಸಿಗೆ ಹೇಳಬೇಕಿತ್ತು."

"ರೆಸಿಪಿ ಕೊಡಮ್ಮಾ!" ಎಂದು ಗಣಿಯ ಹುಡುಗನೊಬ್ಬ ಕೂಗಿದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಇನ್ನೊಬ್ಬ, "ನಮಗೂ ಒಂದು ಡಬ್ಬಿ ತಂದಿದ್ದರೆ ನಮ್ಮ ಕಡೆಯೂ ಬರೀತಿದ್ದೆ ಅಲ್ವಾ?" ಅಂದ. ಅದಕ್ಕೆ ಯಾರೂ ನಗಲಿಲ್ಲ.

ಸುಮಾ ನಿಂತೇ ಇದ್ದಳು. "ಅವರು ಕೇಳಿದ್ದು ಸರಿ," ಎಂದಳು. "ಅದಕ್ಕೇ ನನ್ನ ಲೆಕ್ಕ ನಂಬಬೇಡಿ. ನನ್ನ ಬಾಟಲಿಗಳನ್ನು ಚೆಲ್ಲಿಬಿಡಿ. ಈ ಊರಿನ ಪರಿಚಯವೇ ಇಲ್ಲದ ಯಾರನ್ನಾದರೂ ಕಳಿಸಿ, ಅದೇ ಪೈಪಿನಿಂದ ಅವರು ನೀರು ಹಿಡಿಯಲಿ. ಅದು ಯಾರ ಗಣಿಯಿಂದ ಕೆಟ್ಟಿದೆ ಎಂದು ನನಗೆ ಗೊತ್ತಿಲ್ಲ. ಆದರೆ ಒಬ್ಬರು ಅದನ್ನು ಕುಡಿಯುತ್ತಿದ್ದಾರೆ. ಬಳಕೆಯಲ್ಲಿಲ್ಲ ಅನ್ನುವ ಸಾಲು ಸುಳ್ಳು."

ರೇ ಎದ್ದು ನಿಂತ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಷ್ಟರತನಕ ನನ್ನ ಹುಡುಗರು ಏನು ಮಾಡಬೇಕು?"

"ಗೊತ್ತಿಲ್ಲ, ರೇ," ಎಂದಳು ಸುಮಾ. ಕೂತಳು.

ಹೆಲೆನ್ ತನ್ನ ಕುರ್ಚಿಯಿಂದಲೇ ಹೇಳಿದಳು, "ರೇ, ನಿನ್ನ ಗಣಿ ಮುಚ್ಚಲಿ ಎಂದು ಯಾರಂದರು? ನನ್ನ ಗಂಡ ನಿನಗೆ ಡ್ರಿಲ್ ಹಿಡಿಯುವುದು ಕಲಿಸಿದ. ನನ್ನ ನಲ್ಲಿಯನ್ನು ಬರೆದುಕೋ ಅಂತಷ್ಟೇ ನಾನು ಹೇಳೋದು."

ಅಧಿಕಾರಿ ಹೆಂಗಸು ಬಹಳ ಹೊತ್ತು ಬರೆದುಕೊಂಡಳು. ಕೊನೆಗೆ, ಹಿಮ ಕರಗಿದ ಮೇಲೆ ಕಚೇರಿಯವರೇ ಬಂದು ನೀರು ನೋಡುತ್ತಾರೆ, ಅಲ್ಲಿಯವರೆಗೆ ಹಳೆಯ ಗುಂಡಿಯಲ್ಲಿ ಕೆಲಸ ನಡೆಯಬಹುದು, ಹೊಸ ಜಾಗ ಅಗೆಯುವುದು ಬೇಡ ಎಂದಳು. ಕುರ್ಚಿಗಳು ಸದ್ದು ಮಾಡಿದವು. ಯಾರೂ ಗೆದ್ದ ಹಾಗೆ ಕಾಣಲಿಲ್ಲ. ಹೊರಗೆ ಬರುವಾಗ ಕೂಸು ಎತ್ತಿಕೊಂಡಿದ್ದ ಒಬ್ಬ ಹುಡುಗಿ ಸುಮಾಳ ಮುಖವನ್ನು ದಿಟ್ಟಿಸಿ ನೋಡಿದಳು.  ಆ ಚಳಿಗಾಲ ರೇ ಕೆಲವರನ್ನು ಮನೆಗೆ ಕಳಿಸಬೇಕಾಯಿತೆಂದು ಆಮೇಲೆ ಹೆಲೆನ್‌ಳಿಂದ ತಿಳಿಯಿತು. ಆ ಕೂಸಿನ ತಂದೆಯೂ ಅವರಲ್ಲಿದ್ದನೋ ಏನೋ.

ಮುಂದಿನ ಸೋಮವಾರ ಡಗ್ ಸುಮಾಳನ್ನು ಕರೆದು ನೌಕರಿ ಮುಗಿಯಿತೆಂದು ಹೇಳಿದ. ನಿನ್ನ ಕೆಲಸದ ಮೇಲೆ ದೂರಿಲ್ಲ, ಗಿರಾಕಿಗಳು ನಿಲ್ಲುವುದಿಲ್ಲ ಅಂದನಂತೆ. ಅವಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬೂಟು, ಮಗ್ಗು, ನಿಮ್ಮ ಫೋಟೋ ಹಾಕಿಕೊಂಡು ಬಂದಳು. ಗಿರೀಶ ಪೆಟ್ಟಿಗೆ ಇಸಿದುಕೊಂಡು, "ಬೂಟು ಒಳ್ಳೇವು ಅದಾವು, ಮುಂದಿನ ನೌಕರಿಗೂ ಬರ್ತಾವು," ಎಂದ. ಅಷ್ಟೇ ಅವನು ಹೇಳಿದ್ದು. ನಾನು ಹೇಳಿದೆನಲ್ಲ, ಹಾರಿಸಬಾರದು ಎಂದು. ಈ ಮಾತಿಗಾಗಿ.

ಆಮೇಲೆ ದಿನ ಎಣಿಸುವುದು ಶುರುವಾಯಿತು. ಹಿಮ ಬಿದ್ದೇ ಬಿತ್ತು. ಗಿರೀಶ ಗೊತ್ತಿದ್ದ ಅಂಕಲ್, ಆಂಟಿಗಳಿಗೆಲ್ಲ ಫೋನ್ ಮಾಡಿದ. ಸುಮಾ ಹಗಲೆಲ್ಲ ಅರ್ಜಿ ಹಾಕುವಳು. ವೀಸಾ ಎಂದ ಕೂಡಲೇ ಒಂದೊಂದೇ ಕಡೆ ಮಾತು ನಿಲ್ಲುತ್ತಿತ್ತು. ವಿಮಾನದ ಟಿಕೆಟ್ಟು ಎಷ್ಟಾಗುತ್ತದೆಂದು ನೋಡಿಟ್ಟುಕೊಂಡಿದ್ದರು, ನನಗೆ ಹೇಳಿರಲಿಲ್ಲ. ನಿಮ್ಮ ದೊಡ್ಡ ಆಟಿಕೆಗಳನ್ನು ಯಾರಿಗೆ ಕೊಡುವುದು ಎಂದು ಗಂಡ ಹೆಂಡತಿ ಪಿಸುಗುಡುವುದನ್ನು ಒಂದು ಮಧ್ಯಾಹ್ನ ಕೇಳಿಸಿಕೊಂಡೆ. ದೇವರ ಮುಂದೆ ಕೂತರೆ ಏನು ಬೇಡಬೇಕೆಂದೇ ತಿಳಿಯುತ್ತಿರಲಿಲ್ಲ. ಸುಮಾ ತಪ್ಪು ಮಾಡಿದಳೆಂದು ಬೇಡಲೇ, ಸರಿ ಮಾಡಿದಳೆಂದು ಬೇಡಲೇ? ದೀಪ ಹಚ್ಚಿ ಎದ್ದುಬಿಡುತ್ತಿದ್ದೆ.

ಈಗ ನಾವಿರುವ ಮೆಟುಚೆನ್‌ನಲ್ಲಿ ಮನೆಗಳ ಬಾವಿ ನೀರು ಪರೀಕ್ಷಿಸುವ ಒಂದು ಚಿಕ್ಕ ಆಫೀಸು ಇತ್ತು. ಸಂಬಳ ಕಡಿಮೆ, ಹುದ್ದೆಯೂ ಕೆಳಗಿನದು. ಹಿಂದಿನ ಕಡೆ ಯಾಕೆ ಬಿಟ್ಟೆ ಎಂದು ಅಲ್ಲಿ ಕೇಳಿದಾಗ ಸುಮಾ ಎಲ್ಲವನ್ನೂ, ಡಬ್ಬಿಯನ್ನೂ ಸೇರಿಸಿ, ಹೇಳಿದಳಂತೆ. ಆ ಆಫೀಸಿನ ಯಜಮಾನ ನೋಡಿ ಹೇಳುತ್ತೇನೆ ಎಂದು ಕಳಿಸಿದ. ಒಂದು ವಾರ ಉತ್ತರವಿಲ್ಲ. ಆಮೇಲೆ ಕರೆದ. ವೀಸಾದ ಕಾಗದವನ್ನು ಅವರು ಸರ್ಕಾರಕ್ಕೆ ಸಲ್ಲಿಸಿದಾಗ ಗಡುವು ಮುಗಿಯಲು ಬೆರಳೆಣಿಕೆಯ ದಿನ ಉಳಿದಿದ್ದವು.

ಹೀಗೆ ಫೆಬ್ರವರಿಯಲ್ಲಿ, ಶಾಲೆಯ ವರ್ಷದ ನಡುವೆ, ನಿಮ್ಮನ್ನು ಪಾರ್ಸಿಪನಿಯಿಂದ ಎಬ್ಬಿಸಿಕೊಂಡು ಈ ಮನೆಗೆ ಬಂದೆವು. ಇಂಚರಾ, ನೀನು ನಿನ್ನ ಗೆಳತಿಯರನ್ನು ಬಿಟ್ಟು ಬರಲಾರೆನೆಂದು ಕಾರಿನ ಬಾಗಿಲು ಹಿಡಿದು ಅತ್ತೆ. "ಐ ಹೇಟ್ ಯೂ, ಅಮ್ಮಾ" ಅಂದೆ. ಅಮ್ಮ ನಿನ್ನನ್ನು ಬೈಯಲಿಲ್ಲ, ಯಾಕೆಂದು ಹೇಳಲೂ ಇಲ್ಲ. ಮಕ್ಕಳಿಗೆ ಇದೆಲ್ಲ ಯಾಕೆ ಎಂದಳು. ಆಗ ನನಗೂ ಅದೇ ಸರಿ ಅನ್ನಿಸಿತ್ತು.

ಇಲ್ಲಿಯ ಬೀದಿಯ ಮರಗಳು ಚಿಗುರಿದ ಮೇಲೆ ಒಂದು ಭಾನುವಾರ, ಗಣಿಯ ನವೀಕರಣ ಆಯಿತೆಂದು ಹೆಲೆನ್ ಫೋನ್ ಮಾಡಿದಳು. ಅಂಥ ಕಾಗದಗಳನ್ನು ಯಾರು ಬೇಕಾದರೂ ನೋಡಬಹುದಂತೆ. ಗಿರೀಶ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದ. ಗಣಿಗೆ ಪರವಾನಗಿ ಸಿಕ್ಕಿತ್ತು. ರೇ ತನ್ನ ಹುಡುಗರನ್ನು ವಾಪಸು ಕರೆಯಬಹುದಾಗಿತ್ತು. ನೀರು ಕೆಟ್ಟದ್ದು ಹಳೆಯ ಸುರಂಗದಿಂದಲೋ ಈ ಗಣಿಯಿಂದಲೋ, ಅದು ಇನ್ನೂ ತೀರ್ಮಾನವಾಗಿರಲಿಲ್ಲ. ಆದರೆ ಪ್ರತಿ ಋತುವಿಗೂ ಗಣಿಯವರು ಆ ನೀರನ್ನು ಪರೀಕ್ಷೆ ಮಾಡಿಸಬೇಕು, ಇನ್ನೂ ಕೆಟ್ಟರೆ ಆ ಮನೆಗೆ ಬೇರೆ ನೀರು ಕೊಡಬೇಕು ಎಂದು ಷರತ್ತು ಹಾಕಿದ್ದರು.

"ನೆರೆಹೊರೆ ಎಲ್ಲೈತಿ, ಅದನ್ನ ಓದು," ಎಂದೆ ನಾನು.

ಸುಮಾ ಕನ್ನಡದಲ್ಲಿ ಓದಿದಳು. "ಗಣಿಯ ಕೆಳಗಿನ ಇಳುಕಲಿನಲ್ಲಿ ಒಂದು ಮನೆ ಇದೆ. ವಾಸವಿದ್ದಾರೆ. ಮನೆಯ ಹಿಂದೆ ಒಂದು ಒರತೆ ಇದೆ. ಮನೆಯವರು ಇದನ್ನು ಕುಡಿಯಲು ಬಳಸುತ್ತಾರೆ." ಅಲ್ಲಿಗೆ ನಿಲ್ಲಿಸಿದಳು. ಅದನ್ನೇ ಇನ್ನೊಮ್ಮೆ ಓದಿದಳು, ನನಗಾಗಿ ಅಲ್ಲ. ಆಮೇಲೆ ಎದ್ದು ಹೋಗಿ ನಿಮ್ಮ ಬಟ್ಟೆ ಮಡಚತೊಡಗಿದಳು.

ಅಧ್ಯಾಯದ ಕೊನೆಯಲ್ಲಿ ಬೇರೆ ಯಾರದೋ ಸಹಿ ಇತ್ತು. ನಾನು ಗಿರೀಶನನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲ ಪುಟಗಳನ್ನೂ ತಿರುವಿಸಿ ನೋಡಿಸಿದೆ. ಹಳ್ಳದ ಹೆಸರಿತ್ತು, ಗುಡ್ಡದ ಹೆಸರಿತ್ತು, ಕಾಡಿನ ಮರಗಳ ಹೆಸರೂ ಇತ್ತು. ನಿಮ್ಮಮ್ಮನ ಹೆಸರು ಎಲ್ಲಿಯೂ ಇರಲಿಲ್ಲ. ಅದಕ್ಕೆ ನಾನು ಇಲ್ಲಿ ಬರೆದಿದ್ದೇನೆ.